ಮಾಡಿದ್ದಕ್ಕೂ ಲೆಕ್ಕ ಇಡಿ

ಬೆಳಿಗ್ಗೆ ಪ್ರಮೋಷನ್ ಸುದ್ದಿ ಬಂದಿರುತ್ತದೆ, ಸಂಜೆಗೆಲ್ಲ ಮುಂದಿನ ಟಾರ್ಗೆಟ್‌ನ ಚಿಂತೆ ಶುರು. ಮೈಮುರಿದು ದುಡಿಯುವವರಲ್ಲಿ ಅನೇಕರ ಪಾಡು ಇದೇ. ಉಳಿದ ಕೆಲಸದ ಪಟ್ಟಿ ನಾಲಿಗೆ ತುದಿಯಲ್ಲಿರುತ್ತದೆ, ಮುಗಿಸಿದ್ದು ನೆನಪಿಗೇ ಬರುವುದಿಲ್ಲ. ಖರ್ಚನ್ನಷ್ಟೇ ಬರೆದು ಜಮೆ ಬರೆಯದ ಲೆಕ್ಕದ ಪುಸ್ತಕದಂತೆ, ಯಾವಾಗ ತೆರೆದರೂ ನಷ್ಟವೇ.

ಹೀಗೆ ದುಡಿದು ದುಡಿದು ಬಸವಳಿಯುವುದಕ್ಕೆ ಬರ್ನ್‌ಔಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆ ಎನ್ನಲಿಲ್ಲ. ಉದ್ಯೋಗದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ಉಂಟಾಗುವ ಸ್ಥಿತಿ ಎಂದಿತು. ಲಕ್ಷಣ ಮೂರು: ವಿಪರೀತ ದಣಿವು, ಕೆಲಸದ ಬಗ್ಗೆ ತಾತ್ಸಾರ, ನನ್ನ ಕೈಲಿ ಏನೂ ಆಗುತ್ತಿಲ್ಲ ಎಂಬ ಭಾವ. ಚುರುಕಿನವರು ಮೋಸಹೋಗುವುದು ಮೂರನೆಯದರಲ್ಲಿ. ಕೆಲಸ ಆಗುತ್ತಲೇ ಇರುತ್ತದೆ, ಆಯಿತು ಅನ್ನಿಸುವುದೇ ಇಲ್ಲ. ಅದಕ್ಕೇ ರಾತ್ರಿ ಇನ್ನೆರಡು ಗಂಟೆ ಹೆಚ್ಚು ಕೂರುತ್ತಾರೆ.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ತೆರೇಸಾ ಅಮಾಬಿಲೆ ಮತ್ತು ಮನಶ್ಶಾಸ್ತ್ರಜ್ಞ ಸ್ಟೀವನ್ ಕ್ರೇಮರ್ 238 ಉದ್ಯೋಗಿಗಳ ಸುಮಾರು 12,000 ದಿನಚರಿ ಬರಹಗಳನ್ನು ಜಾಲಾಡಿ, 2011ರಲ್ಲಿ ಪುಸ್ತಕ ತಂದರು. ದಿನ ಚೆನ್ನಾಗಿ ಕಳೆಯಿತು ಅನ್ನಿಸಲು ಎಲ್ಲಕ್ಕಿಂತ ದೊಡ್ಡ ಕಾರಣ ಅವರಿಗೆ ಕಂಡದ್ದು, ಉದ್ಯೋಗಿಗಳಿಗೆ ಮುಖ್ಯವೆನಿಸಿದ ಕೆಲಸ ಒಂಚೂರು ಮುಂದೆ ಸಾಗಿದ್ದು. ಆದರೆ ಸಾಗಿದ್ದು ಕಣ್ಣಿಗೆ ಬೀಳಬೇಕಲ್ಲ?

ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಆ್ಯಪ್ ಬೇಡ, ಮೊಬೈಲ್ ತೆರೆದರೆ ಮೊದಲು ಕಾಣುವುದು ಆಫೀಸಿನ ಮೆಸೇಜೇ. ಕೆಲಸ ಮುಗಿಸಿ ಏಳುವ ಮುನ್ನ ಎರಡು ಮೂರು ಸಾಲು ಬರೆಯಿರಿ. ‘ಇವತ್ತು ಚೆನ್ನಾಗಿ ಮಾಡಿದೆ’ ಎಂದು ಬರೆದರೆ ನಾಳೆ ನಿಮಗೇ ನಂಬಿಕೆ ಬರದು. ನಡೆದದ್ದನ್ನು ನಡೆದ ಹಾಗೆ ಬರೆಯಿರಿ: ‘ಶುಕ್ರವಾರಕ್ಕೆ ಆಗಲ್ಲ, ಸೋಮವಾರ ಕೊಡ್ತೀನಿ ಎಂದೆ. ಒಪ್ಪಿದರು.’ ‘ಹೊಸ ಹುಡುಗ ನನ್ನನ್ನು ಕೇಳದೆ ತಾನೇ ರಿಪೋರ್ಟ್ ಮುಗಿಸಿದ.’ ಇಂಥ ಸಾಲುಗಳಿಗೆ ಅಪ್ರೈಸಲ್ ಫಾರ್ಮಿನಲ್ಲಿ ಜಾಗವಿರುವುದಿಲ್ಲ. ಹುಡುಗನಿಗೆ ಕಲಿಸಲು ಹೋದ ಸಮಯವನ್ನು ‘ಇವತ್ತು ಏನೂ ಆಗಲಿಲ್ಲ’ ಎಂಬ ಖಾತೆಗೆ ಹಾಕಿಕೊಂಡವರೇ ಹೆಚ್ಚು.

ತಿಂಗಳ ಕೊನೆಗೆ ವರ್ಷದ ಹಿಂದಿನ ನಿಮ್ಮದೇ ಇಮೇಲ್ ಅಥವಾ ಫೈಲ್ ತೆಗೆದು ಓದಿ. ಆಗ ನಾಲ್ಕು ಜನರನ್ನು ಕೇಳಿ ಮಾಡುತ್ತಿದ್ದದ್ದನ್ನು ಈಗ ಒಬ್ಬರೇ ಮಾಡುತ್ತಿರಬಹುದು. ಪಕ್ಕದ ಸೀಟಿನವರ ಜೊತೆ ಹೋಲಿಕೆ ಬೇಡ. ಅವರ ಮನೆಯ ತಾಪತ್ರಯ ನಿಮಗೆ ಗೊತ್ತಿರುವುದಿಲ್ಲ.

ಇನ್ನು ಮೇಲೆ ಕೆಲಸ ಹಿಡಿಯುವ ಮೊದಲೇ, ಎಲ್ಲಿಗೆ ಬಂದರೆ ಸಾಕು ಎಂದು ಒಂದು ಸಾಲಿನಲ್ಲಿ ಬರೆದಿಡಿ. ಅಲ್ಲಿಗೆ ತಲುಪಿದ ದಿನ ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಪಾಯಸ ಆಗಲೇಬೇಕೆಂದೇನಿಲ್ಲ, ಆದರೆ ಬೇಡ ಅನ್ನಬೇಡಿ. ಹೊಸ ಕೆಲಸ ಮರುದಿನ ಶುರುವಾದರೆ ಸಾಕು.

ನೋಟ್‌ಬುಕ್ಕೇ ಇನ್ನೊಂದು ಟಾರ್ಗೆಟ್ ಆಯಿತೋ, ಅಂದೇ ಮುಚ್ಚಿಡಿ. ಮೂರು ಜನರ ಕೆಲಸ ಒಬ್ಬರ ತಲೆಗೆ ಕಟ್ಟಿದ್ದರೆ ಯಾವ ಬರವಣಿಗೆಯೂ ಕಾಪಾಡದು. ಮೇಲಿನವರ ಹತ್ತಿರ ಮಾತನಾಡಿ ಹೊರೆ ಇಳಿಸಿಕೊಳ್ಳಲೇಬೇಕು. ಆ ಮಾತುಕತೆಗೂ ಇದೇ ನೋಟ್‌ಬುಕ್ ಸಾಕ್ಷಿಯಾಗುತ್ತದೆ. ನಿದ್ದೆ ಕೆಟ್ಟು ವಾರಗಳಾಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ವೈದ್ಯರನ್ನು ಕಾಣಲು ತಡಮಾಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.