ಮೊದಲು ಶ್ರುತಿ ನಿಲ್ಲಲಿ: ಎಲೆಕ್ಟ್ರಾನಿಕ್ ವಾದ್ಯ ಕಟ್ಟಹೊರಟವರಿಗೆ 12 ಸೂತ್ರಗಳು

ಸಿಂಥಸೈಜರ್ ಮಾಡುವ ವಿಡಿಯೊ ನೋಡಿ ಮರುದಿನವೇ ಬಿಡಿಭಾಗ ತರಿಸಿಕೊಂಡವರು ಬಹಳ ಮಂದಿ. ತಿಂಗಳು ಕಳೆಯುವಷ್ಟರಲ್ಲಿ ಆ ಸಾಮಾನೆಲ್ಲ ಡಬ್ಬಿ ಸೇರಿ ಅಟ್ಟ ಹತ್ತಿರುತ್ತದೆ. ಮೊದಲ ಕೆಲಸವನ್ನೇ ತೀರಾ ದೊಡ್ಡದಾಗಿ ಆರಿಸಿಕೊಂಡರೆ ಆಗುವುದೇ ಹೀಗೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಇಲ್ಲಿ ಊರೂರಿಗೂ ಭಜನೆಯವರಿದ್ದಾರೆ, ಅವರಿಗೆಲ್ಲ ಶ್ರುತಿ ಬೇಕು. ಆ ಶ್ರುತಿಪೆಟ್ಟಿಗೆಯೇ ನಿಮ್ಮ ಮೊದಲ ವಾದ್ಯವಾಗಲಿ. ಪವರ್, ಆಸಿಲೇಟರ್, ಫಿಲ್ಟರ್, ಆಂಪ್ಲಿಫೈಯರ್, ಸೋಲ್ಡರಿಂಗ್ ಎಲ್ಲದರ ಪಾಠವೂ ಆ ಒಂದೇ ಡಬ್ಬಿಯೊಳಗೆ ಆಗಿಹೋಗುತ್ತದೆ.

1. ಗುರಿ ಒಂದೇ ಸ್ವರ

ಕೀಬೋರ್ಡು, ಡ್ರಮ್ ಮಷಿನ್ ಆಸೆ ಸದ್ಯಕ್ಕೆ ಬದಿಗಿರಲಿ. ನಮ್ಮಲ್ಲಿ ಈ ವಿದ್ಯೆ ಬೆಳೆದದ್ದೂ ಶ್ರುತಿಯಿಂದಲೇ. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿ, ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ಪ್ರದರ್ಶಿಸಿದರು. ಅವರ ರಾಡೆಲ್ ಪೆಟ್ಟಿಗೆಯನ್ನು ನೀವೂ ಕಛೇರಿಯಲ್ಲೋ ಭಜನೆಯಲ್ಲೋ ಕಂಡಿರುತ್ತೀರಿ. ಅತ್ತ ಅಮೆರಿಕದ ರಾಬರ್ಟ್ ಮೋಗ್ ಕೂಡ 1964ರಲ್ಲಿ ಸಿಂಥಸೈಜರ್ ತರುವ ಮುನ್ನ ವರ್ಷಗಟ್ಟಲೆ ಥೆರಮಿನ್ ಕಿಟ್‌ಗಳನ್ನು ಮಾಡಿ ಮಾರಿದವರು. ಸಣ್ಣ ಪೆಟ್ಟಿಗೆಯಲ್ಲಿ ಪಳಗಿದ ಕೈಯೇ ಮುಂದೆ ದೊಡ್ಡದಕ್ಕೆ ಹೋಯಿತು.

2. ಹಾಡುವವರನ್ನು ಕೇಳಿ, ಲೆಕ್ಕ ಬರೆದುಕೊಳ್ಳಿ

ಯಾರಿಗಾಗಿ ಕಟ್ಟುತ್ತೀರೋ ಅವರ ಶ್ರುತಿ ಯಾವುದೆಂದು ಮೊದಲೇ ಕೇಳಿ. ಕಪ್ಪು ಒಂದು (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆ) ಎಂದರೆನ್ನಿ. ಮಂದ್ರದ ಕಡೆಯ ಷಡ್ಜಕ್ಕೆ ಸೆಕೆಂಡಿಗೆ 138.6 ಕಂಪನ, ಅಂದರೆ 138.6 ಹರ್ಟ್ಸ್. ಪಂಚಮ ಅದರ ಒಂದೂವರೆ ಪಟ್ಟು, 207.9. ಮಧ್ಯಮಶ್ರುತಿ ಬೇಕೆಂದರೆ ಷಡ್ಜವನ್ನು ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿ, 184.8 ಬರುತ್ತದೆ. ಈ ಮೂರು ಅಂಕಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಮುಂದೆ ಕೊಳ್ಳುವ ಪ್ರತಿ ರೆಸಿಸ್ಟರೂ ಇವುಗಳಿಂದಲೇ ತೀರ್ಮಾನವಾಗುತ್ತದೆ.

3. 555 ಐಸಿಯನ್ನೇ ಹಿಡಿಯಿರಿ

ಹ್ಯಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ವಿನ್ಯಾಸ ಮಾಡಿದ ಟೈಮರ್ ಐಸಿ ಇದು. ಇಂದಿಗೂ ಬಿಡಿಗಾಸಿಗೆ ಸಿಗುತ್ತದೆ. ಹೊರದೇಶದ ಎಷ್ಟೋ ಪಾಠಗಳು ಸಿಡಿ40106 ಐಸಿಯಿಂದ ಶುರುವಾಗುತ್ತವೆ. ಚಿತ್ರವಿಚಿತ್ರ ಸದ್ದು ಹೊರಡಿಸಲು ಅದು ಒಳ್ಳೆಯದೇ. ಆದರೆ ಸೆಲ್ ಇಳಿದಂತೆ ಅದರ ಸ್ವರವೂ ಜಾರುತ್ತದೆ. 555 ಹಾಗಲ್ಲ. ಕೆಪಾಸಿಟರ್ ತುಂಬುವುದನ್ನೂ ಖಾಲಿಯಾಗುವುದನ್ನೂ ಅದು ಸಪ್ಲೈ ವೋಲ್ಟೇಜಿನ ಮೂರನೇ ಎರಡು ಮತ್ತು ಮೂರನೇ ಒಂದು ಭಾಗಕ್ಕೆ ಹೋಲಿಸಿ ಅಳೆಯುತ್ತದೆ. ವೋಲ್ಟೇಜ್ ಇಳಿದರೆ ಅಳತೆಯ ಗೆರೆಗಳೂ ಜೊತೆಗೇ ಇಳಿಯುತ್ತವೆ, ಹೀಗಾಗಿ ಸ್ವರ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಶ್ರುತಿಗೆ ಬೇಕಾದ ಗುಣ ಅದೇ.

4. ಸೂತ್ರ ಒಂದು, ಜೋಡಣೆ ಒಂದು

1.44ನ್ನು (ಆರ್1 + 2 × ಆರ್2) × ಸಿ ಎಂಬುದರಿಂದ ಭಾಗಿಸಿದರೆ ಕಂಪನ ಸಂಖ್ಯೆ ಬರುತ್ತದೆ. ಆರ್ ಎಂದರೆ ರೆಸಿಸ್ಟರ್, ಸಿ ಎಂದರೆ ಕೆಪಾಸಿಟರ್. ಸಿ 0.1 ಮೈಕ್ರೋಫ್ಯಾರಡ್, ಆರ್1 1ಕೆ ಇಟ್ಟುಕೊಂಡರೆ ಕಪ್ಪು ಒಂದಕ್ಕೆ ಆರ್2 ಸುಮಾರು 51.4ಕೆ ಆಗಬೇಕು. ಅಂಥ ರೆಸಿಸ್ಟರ್ ಅಂಗಡಿಯಲ್ಲಿ ಸಿಗುವುದಿಲ್ಲ. 47ಕೆ ರೆಸಿಸ್ಟರಿಗೆ 10ಕೆ ಮಲ್ಟಿಟರ್ನ್ ಪ್ರಿಸೆಟ್ ಸಾಲಾಗಿ ಹಾಕಿ. ಆಗ 125ರಿಂದ 151 ಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಜೋಡಣೆ ಹೀಗೆ: 1ನೇ ಪಿನ್ ಮೈನಸ್‌ಗೆ, 8 ಮತ್ತು 4 ಪ್ಲಸ್‌ಗೆ. 2 ಮತ್ತು 6 ಒಂದಕ್ಕೊಂದು. ಪ್ಲಸ್‌ನಿಂದ 7ಕ್ಕೆ 1ಕೆ, 7ರಿಂದ 6ಕ್ಕೆ 47ಕೆ ಮತ್ತು ಪ್ರಿಸೆಟ್, 6ರಿಂದ ಮೈನಸ್‌ಗೆ 0.1 ಕೆಪಾಸಿಟರ್. 5ರಿಂದ ಮೈನಸ್‌ಗೆ 0.01. ದನಿ ಬರುವುದು 3ನೇ ಪಿನ್ನಿನಿಂದ. ಹೊಸಬರು ಮರೆಯುವುದು 4ನೇ ಪಿನ್ನನ್ನು. ಅದು ರಿಸೆಟ್, ಪ್ಲಸ್‌ಗೆ ಕಟ್ಟದೆ ಬಿಟ್ಟರೆ ಐಸಿ ಮನಬಂದಂತೆ ಆಡುತ್ತದೆ.

5. ಬಿಸಿಲಿಗೆ ಜಗ್ಗದ ಕೆಪಾಸಿಟರ್ ಕೇಳಿ

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅಗ್ಗದ ಸೆರಾಮಿಕ್ ಡಿಸ್ಕ್ ಕೆಪಾಸಿಟರಿನ ಮೌಲ್ಯ ಕಾವಿಗೆ ಇಳಿಯುತ್ತದೆ. ಶೇ 6ರಷ್ಟು ಇಳಿದರೂ ಸಾಕು, ಕಪ್ಪು ಒಂದು ಹೋಗಿ ಬಿಳಿ ಎರಡಾಗುತ್ತದೆ, ಹಾಡುವವರ ಗಂಟಲು ಹರಿಯುತ್ತದೆ. 6ನೇ ಪಿನ್ನಿನ ಜಾಗಕ್ಕೆ ಪಾಲಿಯೆಸ್ಟರ್ ಕೆಪಾಸಿಟರ್ ಕೇಳಿ. ಹಸಿರು ಬಣ್ಣದ ಚಪ್ಪಟೆ ಗುಳಿಗೆಯಂತಿರುವ ಅದರ ಮೇಲೆ 2ಎ104ಜೆ ಎಂದು ಬರೆದಿರುತ್ತದೆ. 104 ಎಂದರೆ ಹತ್ತರ ಮುಂದೆ ನಾಲ್ಕು ಸೊನ್ನೆ, ಲಕ್ಷ ಪೈಕೋಫ್ಯಾರಡ್, ಅದೇ 0.1 ಮೈಕ್ರೋಫ್ಯಾರಡ್. ಡಿಸ್ಕಿನ ಮೇಲೂ 104 ಎಂದೇ ಇರುತ್ತದೆ. ಅಂಗಡಿಯವರು ಎರಡೂ ಒಂದೇ ಎಂದರೆ ಒಪ್ಪಬೇಡಿ. ಡಿಸ್ಕನ್ನು ಪವರ್ ಲೈನಿನ ಗದ್ದಲ ಅಡಗಿಸಲು ಐಸಿಯ 8 ಮತ್ತು 1ರ ನಡುವೆ ಹಾಕಿಕೊಳ್ಳಿ, ಅಲ್ಲಿಗೆ ಅದು ಸಾಕು.

6. ಚೀಟಿ ಬರೆದು, ಎಲ್ಲವನ್ನೂ ಜೋಡಿ ತನ್ನಿ

555 ಎರಡು, ಎಂಟು ಕಾಲಿನ ಐಸಿ ಬೇಸ್ ಎರಡು, ರೆಸಿಸ್ಟರ್ 1ಕೆ, 10ಕೆ, 27ಕೆ, 47ಕೆ, ಪ್ರಿಸೆಟ್, ಮೇಲಿನ ಕೆಪಾಸಿಟರ್‌ಗಳ ಜೊತೆಗೆ 1 ಮೈಕ್ರೋಫ್ಯಾರಡಿನದೊಂದು, 10ಕೆ ವಾಲ್ಯೂಮ್ ಕಂಟ್ರೋಲ್, ಎಲ್‌ಎಂ386 ಆಂಪ್ಲಿಫೈಯರ್ ಬೋರ್ಡ್, 8 ಓಮ್ ಸ್ಪೀಕರ್, ಜೀರೋ ಪಿಸಿಬಿ, ನಾಲ್ಕು ಪೆನ್ಸಿಲ್ ಸೆಲ್ಲಿನ ಹೋಲ್ಡರ್. ಸ್ಪೀಕರ್, ಸ್ವಿಚ್, ವೈರು, ಸೆಲ್ಲಿಗೆ ಊರಿನ ರೇಡಿಯೊ-ಟಿವಿ ರಿಪೇರಿ ಅಂಗಡಿ ಸಾಕು. ಹಳೆ ಟೇಪ್‌ರೆಕಾರ್ಡರಿನಿಂದಲೂ ಒಳ್ಳೆಯ ಸ್ಪೀಕರ್ ಸಿಕ್ಕೀತು. ಉಳಿದದ್ದಕ್ಕೆ ಬೆಂಗಳೂರಿನ ಎಸ್.ಪಿ. ರೋಡ್ ಇದೆ. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಭಾನುವಾರ ಮಾತ್ರ ಬೇಡ, ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟಾಗ ಕಂಪ್ಲಿಯ ಹಳೆ ಸೇತುವೆ ಮುಳುಗಿ ಗಂಗಾವತಿ ದಾರಿಯೂ ಮುಚ್ಚುತ್ತದೆ. ಬೇಕೆಂದಾಗಲೆಲ್ಲ ಪೇಟೆಗೆ ಓಡಲಾಗದು, ಜೋಡಿ ಇದ್ದರೆ ಒಂದು ಐಸಿ ಸುಟ್ಟಿತೆಂದು ಕೆಲಸ ನಿಲ್ಲುವುದಿಲ್ಲ.

7. ಗೋಡೆಯ ಕರೆಂಟಿನ ತಂಟೆ ಬೇಡ

ನಾಲ್ಕು ಪೆನ್ಸಿಲ್ ಸೆಲ್ ಸೇರಿದರೆ 6 ವೋಲ್ಟ್. 555ಕ್ಕೂ ಎಲ್‌ಎಂ386ಕ್ಕೂ ಅಷ್ಟು ಸಾಕು. ಕರೆಂಟ್ ಹೋದರೂ ಭಜನೆ ನಿಲ್ಲುವುದಿಲ್ಲ. ಮೊಬೈಲ್ ಚಾರ್ಜರಿನಿಂದ ಓಡಿಸಿದರೆ ಅದರ ಗುಂಯ್‌ಗುಡುವಿಕೆ ಸ್ಪೀಕರಿನೊಳಗೆ ನುಸುಳುತ್ತದೆ. ಪವರ್‌ಬ್ಯಾಂಕ್ ಹಾಕಿದರೆ, ಇಷ್ಟು ಕಡಿಮೆ ಕರೆಂಟ್ ಎಳೆಯುವುದನ್ನು ಕಂಡು ಫೋನು ತುಂಬಿತೆಂದು ಬಗೆದು ಎಷ್ಟೋ ಸಲ ತಾನೇ ಆಫ್ ಆಗುತ್ತದೆ. 230 ವೋಲ್ಟಿನ ಹಳೆ ಆಂಪ್ಲಿಫೈಯರ್, ಡಬ್ಬಿ ಟಿವಿ ಬಿಚ್ಚುವ ಉಮೇದು ಈಗ ಬೇಡವೇ ಬೇಡ. ಪ್ಲಗ್ ಕಿತ್ತ ಮೇಲೂ ಅವುಗಳ ಕೆಪಾಸಿಟರುಗಳು ಹೊಡೆಯುತ್ತವೆ.

8. ಬ್ರೆಡ್‌ಬೋರ್ಡಿನಲ್ಲಿ ಮೊದಲು ದನಿ ಕೇಳಿ

ಐಸಿಯನ್ನು ನಡುವಿನ ಕಾಲುವೆಯ ಎರಡೂ ದಡಕ್ಕೆ ಕಾಲು ಹಾಕಿ ಕೂರಿಸಿ. ಮೈಮೇಲೆ ಗುಳಿ ಇರುವ ಕಡೆ ಎಡಗೈಗೆ ಬರುವಂತೆ ಹಿಡಿದರೆ, ಕೆಳಸಾಲಿನ ಎಡತುದಿಯದೇ 1ನೇ ಪಿನ್. ಉದ್ದನೆಯ ಬೋರ್ಡಿನಲ್ಲಿ ಅಂಚಿನ ಕೆಂಪು ಗೆರೆ ನಡುವೆ ತುಂಡಾಗಿದೆಯೇ ನೋಡಿ. ತುಂಡಾಗಿದ್ದರೆ ಒಳಗಿನ ಪಟ್ಟಿಯೂ ಅಲ್ಲಿ ತುಂಡು, ಆಚೆ ಅರ್ಧಕ್ಕೆ ಪವರ್ ಹೋಗುವುದಿಲ್ಲ, ಒಂದು ವೈರಿನಿಂದ ಸೇರಿಸಬೇಕು. ದನಿ ಬರಲಿಲ್ಲವೆಂದು ಎಲ್ಲವನ್ನೂ ಕಿತ್ತು ಮತ್ತೆ ಶುರು ಮಾಡಬೇಡಿ. ಮಲ್ಟಿಮೀಟರಿನಲ್ಲಿ ಮೊದಲು 8 ಮತ್ತು 1ರ ನಡುವೆ 6 ವೋಲ್ಟ್ ಇದೆಯೇ ನೋಡಿ, ಆಮೇಲೆ 4ನೇ ಪಿನ್, ಆಮೇಲೆ 3ನೆಯದು. ಸ್ವರ ಹೊರಡುತ್ತಿದ್ದರೆ 3ನೇ ಪಿನ್ನಿನಲ್ಲಿ ಮೀಟರ್ ಸಪ್ಲೈಯ ಅರ್ಧದ ಆಸುಪಾಸು ತೋರಿಸುತ್ತದೆ.

9. ಅಲೆ ಎಣಿಸಿ ಶ್ರುತಿ ಕೂಡಿಸಿ

ಫೋನಿನ ತಂಬೂರಿ ಆ್ಯಪ್‌ನಲ್ಲಿ ಅದೇ ಶ್ರುತಿ ಹಚ್ಚಿ ಪಕ್ಕದಲ್ಲಿಡಿ. ನಿಮ್ಮ ಷಡ್ಜ 139.6ರಲ್ಲಿದ್ದರೆ ಎರಡರ ನಡುವೆ ಸೆಕೆಂಡಿಗೊಂದು ಅಲೆ ಏರಿಳಿಯುವುದು ಕೇಳಿಸುತ್ತದೆ. ಪ್ರಿಸೆಟ್ ಸ್ಕ್ರೂ ಮೆಲ್ಲನೆ ತಿರುಗಿಸುತ್ತ ಹೋಗಿ. ಅಲೆ ನಿಧಾನವಾಗಿ, ಕೊನೆಗೆ ನಿಂತುಬಿಡುತ್ತದೆ. ತಂಬೂರಿ ಮೀಟುವವರ ಕಿವಿ ಮಾಡುವುದೂ ಇದನ್ನೇ. ಷಡ್ಜ ನಿಂತ ಮೇಲೆ ಎರಡನೇ 555 ಕೂರಿಸಿ, 47ಕೆ ಬದಲು 27ಕೆ ಹಾಕಿ, ಪಂಚಮ ಕೂಡಿಸಿ. ಫೋನಿನ ಟ್ಯೂನರ್ ಪರದೆಯನ್ನು ನೆಚ್ಚಿಕೊಂಡರೆ ಪೆಟ್ಟಿಗೆ ಮಾತ್ರ ಸಿದ್ಧವಾಗುತ್ತದೆ, ಅಲೆ ಕೇಳಿ ಕೂಡಿಸಿದರೆ ಕಿವಿಯೂ ಸಿದ್ಧವಾಗುತ್ತದೆ.

10. ದನಿಯ ಮೂಲೆ ಒರೆಯಿರಿ, ಆಮೇಲೆ ಸೋಲ್ಡರ್ ಹಿಡಿಯಿರಿ

555ರ ದನಿ ಚೌಕ ಅಲೆಯದು, ಹಾರ್ನಿನಂತೆ ಕಿವಿಗೆ ಚುಚ್ಚುತ್ತದೆ. ಎರಡೂ ಐಸಿಗಳ 3ನೇ ಪಿನ್ನಿನಿಂದ ಒಂದೊಂದು 10ಕೆ ತಂದು ಕೂಡಿಸಿ, ಕೂಡಿದಲ್ಲಿಂದ ಮೈನಸ್‌ಗೆ 0.1 ಹಾಕಿ. ಸುಮಾರು 320 ಹರ್ಟ್ಸ್‌ನ ಮೇಲಿನ ಕರ್ಕಶ ಇಳಿಯುತ್ತ ಹೋಗುತ್ತದೆ. ಅಲ್ಲಿಂದ 1 ಮೈಕ್ರೋಫ್ಯಾರಡ್ ದಾಟಿಸಿ ವಾಲ್ಯೂಮ್ ಕಂಟ್ರೋಲ್, ಕೊನೆಗೆ ಎಲ್‌ಎಂ386 ಬೋರ್ಡ್. ವಾಲ್ಯೂಮ್ ಪೂರ್ತಿ ಇಳಿಸಿಯೇ ಆನ್ ಮಾಡಿ. ತೀರಾ ನಯಗೊಳಿಸಲೂ ಹೋಗಬೇಡಿ. ತಂಬೂರಿಯ ಸೊಗಸು ಇರುವುದೇ ಮೇಲಿನ ಅನುಸ್ವರಗಳ ಝೇಂಕಾರದಲ್ಲಿ.

ಜೀರೋ ಪಿಸಿಬಿಗೆ ಇಳಿಸುವಾಗ 25 ವ್ಯಾಟಿನ ಐರನ್ ಸಾಕು. ಐಸಿಗೆ ನೇರವಾಗಿ ಬೆಸುಗೆ ಬೇಡ, ಬೇಸ್ ಕೂರಿಸಿ ಆಮೇಲೆ ಐಸಿ ಒತ್ತಿ. ಪಿನ್ನನ್ನೂ ತಾಮ್ರವನ್ನೂ ಒಟ್ಟಿಗೆ ಕಾಯಿಸಿ, ಲೆಡ್ ತಾನಾಗಿ ಹರಿದು ಹೊಳೆಯಬೇಕು. ಗುಂಡಾಗಿ ಮಂಕಾಗಿ ಕೂತರೆ ಅದು ಹುಸಿ ಬೆಸುಗೆ. ಕಿಟಕಿ ತೆರೆದಿರಲಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಬೆಸುಗೆಯ ತಂತಿಯಲ್ಲಿ ಸೀಸವಿದೆ.

11. ಧೂಳಿಗೆ ಡಬ್ಬಿ, ವಿದ್ಯೆಗೆ ಮೈಕ್‌ಸೆಟ್‌ನವರು, ಮುಂದಿನ ಹೆಜ್ಜೆಗೆ ಪಿಯಜೊ

ಸಂಡೂರು, ದೋಣಿಮಲೈ ಕಡೆ ಅದಿರಿನ ಕೆಂಪು ಧೂಳು ತೆರೆದಿಟ್ಟ ವಾಲ್ಯೂಮ್ ಕಂಟ್ರೋಲಿನೊಳಗೆ ಹೊಕ್ಕು ಕರಕರ ಎನ್ನಿಸುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ ಆರಿಸಿ. ಸ್ಪೀಕರಿನ ತೂತುಗಳಿಗೆ ಒಳಗಿನಿಂದ ತೆಳು ಬಟ್ಟೆ ಅಂಟಿಸಿ. ದೊಡ್ಡ ಮೈಕಿಗೆ ಕೊಡಲು ಹೊರಗೆ ಪಿ-38 ಸಾಕೆಟ್ ಒಂದಿರಲಿ. ಯಾವ ತಂತಿ ಎಲ್ಲಿಗೆ, ಅರ್ಥಿಂಗ್ ಎಲ್ಲಿ ತಪ್ಪಿದರೆ ಹಮ್ಮಿಂಗ್ ಬರುತ್ತದೆ ಎಂಬುದು ಊರಿನ ಮೈಕ್‌ಸೆಟ್ ಅಣ್ಣನಿಗೆ ಗೊತ್ತಿರುವಷ್ಟು ಯಾವ ವಿಡಿಯೊದವರಿಗೂ ಗೊತ್ತಿರುವುದಿಲ್ಲ. ಜಾತ್ರೆ ಸೀಸನ್ ಮುಗಿದ ಮೇಲೆ ಹೋಗಿ, ಪುರುಸೊತ್ತಾಗಿ ಹೇಳಿಕೊಡುತ್ತಾರೆ.

ಎರಡನೇ ವಾದ್ಯಕ್ಕೆ ಪಿಯಜೊ ಡಿಸ್ಕ್ ಒಳ್ಳೆಯದು. ಹಿತ್ತಾಳೆಯ ಆ ಬಿಲ್ಲೆಯನ್ನು ಹಲಗೆಗೆ ಅಂಟಿಸಿದರೆ ಪೆಟ್ಟನ್ನು ನೇರವಾಗಿ ಹಿಡಿಯುತ್ತದೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರಿಂದ ಹೆಸರಾದ ಬುರ್ರಕಥೆಯ ನಾಡಿದು, ಚರ್ಮವಾದ್ಯಕ್ಕೆ ಬರವಿಲ್ಲ, ಕಲಾವಿದರ ಒಪ್ಪಿಗೆ ಪಡೆದು ಪ್ರಯೋಗ ಮಾಡಿ. ಆದರೆ ಹಂಪಿಯ ವಿಜಯವಿಠ್ಠಲ ಗುಡಿಯ ಸಂಗೀತ ಕಂಬಗಳ ಹತ್ತಿರ ಡಿಸ್ಕ್ ಒಯ್ಯಬೇಡಿ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ತಾಣ ಅದು. ಬಡಿದು ಬಡಿದು ಸವೆದ ಆ ಕಂಬಗಳನ್ನು ಈಗ ಮುಟ್ಟುವಂತಿಲ್ಲ. ಕಲ್ಲಿನ ನಾದ ಬೇಕೆಂದರೆ ಮನೆಯ ಬೀಸುವ ಕಲ್ಲು ಸಾಲದೇ?

12. ಹಾಡುವವರ ಕೈಗೆ ಕೊಡಿ, ದೂರು ಕೇಳಿ

ಮೇಜಿನ ಮೇಲೆ ದನಿ ಬಂದರೆ ಅರ್ಧ ಕೆಲಸ. ಶನಿವಾರದ ಭಜನೆಗೆ ಪೆಟ್ಟಿಗೆ ಒಯ್ದು, ಮೊದಲ ಪದದಿಂದ ಮಂಗಳದವರೆಗೆ ಓಡಲು ಬಿಡಿ, ನಡುವೆ ಮುಟ್ಟಬೇಡಿ. ಮುಗಿದ ಮೇಲೆ ಹಾಡಿದವರನ್ನೇ ಕೇಳಿ. ಶ್ರುತಿ ಏರಿತು ಎಂದರೆ ಕೆಪಾಸಿಟರ್ ನೋಡಿ. ಕರಕರ ಎಂದಿತು ಎಂದರೆ ಕಂಟ್ರೋಲಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ದನಿ ಸೊರಗಿತು ಎಂದರೆ ಸೆಲ್ ಬದಲಿಸಿ. ಆಗಾಗ ಕಡಿದುಹೋಯಿತು ಎಂದರೆ ಎಲ್ಲೋ ಹುಸಿ ಬೆಸುಗೆ ಇದೆ. ಏನು ತಿದ್ದಿದಿರೋ ಅದನ್ನು ತಾರೀಖಿನ ಸಮೇತ ಮುಚ್ಚಳದ ಒಳಗೆ ಬರೆದಿಡಿ, ರಿಪೇರಿಗೆ ಅದೇ ದಾಖಲೆ. ದೂರು ಬಾರದೆ ಒಂದು ಭಜನೆ ಪೂರ್ತಿ ಮುಗಿದ ದಿನ ನೀವು ವಾದ್ಯ ಕಟ್ಟುವವರಾದಿರಿ. ಕೀಬೋರ್ಡು, ಡ್ರಮ್ ಮಷಿನ್ನಿನ ಆಸೆಯನ್ನು ಅಂದು ಧೈರ್ಯವಾಗಿ ಮುಂದಕ್ಕೆ ತನ್ನಿ.