ಯಂತ್ರಮಾನವನ ಯುದ್ಧವೂ ಒಂದು ಹಿಡಿ ಉಪ್ಪೂ

ಯುದ್ಧದ ಕಥೆಯಲ್ಲಿ ಉಪ್ಪಿಗೇನು ಕೆಲಸವೆಂದು ಯಾರಾದರೂ ಕೇಳಬಹುದು. ಜಪಾನಿನಲ್ಲಿ ೧೯೭೯ನೆಯ ಇಸವಿಯ ಏಪ್ರಿಲಿನಲ್ಲಿ ಪ್ರಸಾರವಾಗತೊಡಗಿದ ‘ಮೊಬೈಲ್ ಸೂಟ್ ಗಂಡಮ್’ ಎಂಬ ದೂರದರ್ಶನ ಚಿತ್ರಮಾಲೆಯ ಹದಿನಾರನೆಯ ಕಂತು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಯುದ್ಧನೌಕೆಯೊಂದು ಮಧ್ಯ ಏಷ್ಯದ ಒಣನೆಲದ ಮೇಲೆ ಸಾಗುತ್ತಿದೆ. ಅದರೊಳಗೆ ಹದಿನೆಂಟು ಮೀಟರ್ ಎತ್ತರದ ಯಂತ್ರಮಾನವನಿದ್ದಾನೆ. ಲೋಹವನ್ನು ಕರಗಿಸಬಲ್ಲ ಕಿರಣದ ಕೋವಿಗಳಿವೆ. ಆಗ ಅಡುಗೆಯ ಮುಖ್ಯಸ್ಥನು ಬಂದು, ಉಗ್ರಾಣದಲ್ಲಿ ಉಪ್ಪು ಮುಗಿಯುತ್ತಿದೆ ಎಂದು ತಿಳಿಸುತ್ತಾನೆ. ಅಷ್ಟು ದೊಡ್ಡ ನೌಕೆಯು ಲೋಪ್‌ನೋರ್ ಎಂಬ ಉಪ್ಪಿನ ಸರೋವರದ ಕಡೆಗೆ ಹೊರಡಬೇಕಾಗುತ್ತದೆ.

ಇದು ನಗಬೇಕಾದ ಸಂಗತಿಯಲ್ಲ. ನಮ್ಮ ನರಗಳು ಸಂದೇಶವನ್ನು ಸಾಗಿಸುವುದಕ್ಕೂ ಸ್ನಾಯುಗಳು ಕುಗ್ಗಿ ಹಿಗ್ಗುವುದಕ್ಕೂ ಸೋಡಿಯಂ ಬೇಕು. ಬೆವರಿನೊಡನೆ ಅದು ಹೊರಗೆ ಹೋಗುತ್ತದೆ. ಕಳೆದುಹೋದದ್ದನ್ನು ತುಂಬಿಕೊಳ್ಳದಿದ್ದರೆ ಆಯಾಸ, ತಲೆಸುತ್ತು, ಸ್ನಾಯುಸೆಳೆತಗಳು ತಲೆದೋರುವುವು. ಉಪ್ಪಿಲ್ಲದ ಯೋಧನು ಎಷ್ಟು ದೊಡ್ಡ ಯಂತ್ರದಲ್ಲಿ ಕುಳಿತರೂ ದುರ್ಬಲನೇ. ವಿಜ್ಞಾನ ಕಥೆಯೊಂದು ಈ ಸಣ್ಣ ಸತ್ಯವನ್ನು ಮರೆಯದಿರುವುದೇ ಅದರ ವಾಸ್ತವತೆಯ ಮೊದಲ ಗುರುತು. ಈ ಚಿತ್ರಮಾಲೆಯಲ್ಲಿ ಕಲ್ಪನೆ ಎಲ್ಲಿ ಮುಗಿಯುತ್ತದೆ, ಲೆಕ್ಕ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಈ ಪಾಠದಲ್ಲಿ ವಿಚಾರಮಾಡೋಣ.

ಕಥೆಯ ಹಿನ್ನೆಲೆ

ಚಿತ್ರಗಳನ್ನು ಬರೆದು ಅವುಗಳಿಗೆ ಚಲನೆ ಕೊಡುವ ಜಪಾನೀ ಕಲೆಗೆ ಅನಿಮೆ ಎಂದು ಹೆಸರು. ಮನುಷ್ಯನು ಒಳಗೆ ಕುಳಿತು ನಡೆಸುವ ದೈತ್ಯ ಯಂತ್ರಗಳ ಕಥೆಗಳು ಅಲ್ಲಿ ೧೯೭೨ರ ‘ಮಾಜಿಂಗರ್ ಜೆಡ್’ ಎಂಬುದರಿಂದ ಬಹಳ ಜನಪ್ರಿಯವಾದುವು. ಅವುಗಳಲ್ಲಿ ಯಂತ್ರವು ಪುರಾಣದ ವೀರನಂತೆ; ಅದಕ್ಕೆ ಸಮಾನವಾದದ್ದು ಇನ್ನೊಂದಿಲ್ಲ. ಯೊಶಿಯುಕಿ ತೊಮಿನೊ ಅವರು ನಿರ್ದೇಶಿಸಿದ ‘ಗಂಡಮ್’ ಈ ಸಂಪ್ರದಾಯವನ್ನು ಬದಲಾಯಿಸಿತು. ಇಲ್ಲಿ ಯಂತ್ರಮಾನವನು ಒಂದು ಆಯುಧ ಮಾತ್ರ. ಟ್ಯಾಂಕು, ವಿಮಾನಗಳಂತೆ ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗುವ ವಸ್ತು. ಅದು ಕೆಡುತ್ತದೆ, ಅದರ ಗುಂಡು ಮುಗಿಯುತ್ತದೆ, ಅದಕ್ಕೆ ಬಿಡಿಭಾಗಗಳು ಬೇಕಾಗುತ್ತವೆ.

ಕಥೆಯ ಕಾಲದಲ್ಲಿ ಭೂಮಿಯ ಜನಸಂಖ್ಯೆ ಮಿತಿಮೀರಿ, ಜನರ ಬಹುಭಾಗವನ್ನು ಅಂತರಿಕ್ಷದ ವಸಾಹತುಗಳಿಗೆ ಸಾಗಿಸಲಾಗಿದೆ. ಅಧಿಕಾರ ಮಾತ್ರ ಭೂಮಿಯಲ್ಲಿಯೇ ಉಳಿದಿದೆ. ವಸಾಹತುಗಳಲ್ಲೊಂದು ‘ಜಿಯಾನ್’ ಎಂಬ ಹೆಸರಿನಿಂದ ಸ್ವತಂತ್ರ ರಾಜ್ಯವೆಂದು ಘೋಷಿಸಿಕೊಂಡು ಯುದ್ಧ ಹೂಡುತ್ತದೆ. ಯುದ್ಧದ ಆರಂಭದಲ್ಲಿಯೇ ಮಾನವಕುಲದ ಅರ್ಧಭಾಗ ಸತ್ತಿತೆಂದು ಕಥೆಯ ನಿರೂಪಕನು ಹೇಳುತ್ತಾನೆ.

ತಿರುಗುವ ಊರುಗಳು

ಈ ವಸಾಹತುಗಳ ಕಲ್ಪನೆಯ ಹಿಂದೆ ನಿಜವಾದ ವಿಜ್ಞಾನವಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಜೆರಾರ್ಡ್ ಓನೀಲ್ ಅವರು ೧೯೭೪ರಲ್ಲಿ ಇಂತಹ ಊರುಗಳ ಯೋಜನೆಯನ್ನು ಪ್ರಕಟಿಸಿದರು. ಅವುಗಳಲ್ಲಿ ದೊಡ್ಡದು ೩೨ ಕಿಲೋಮೀಟರ್ ಉದ್ದ, ೩.೨ ಕಿಲೋಮೀಟರ್ ತ್ರಿಜ್ಯವುಳ್ಳ ಒಂದು ಕೊಳವೆ. ಜನರು ಅದರ ಒಳಮೈಮೇಲೆ ವಾಸಿಸುವರು. ಕೊಳವೆಯು ತನ್ನ ಅಕ್ಷದ ಮೇಲೆ ತಿರುಗುತ್ತಿದ್ದರೆ, ನೀರು ತುಂಬಿದ ಬಿಂದಿಗೆಯನ್ನು ವೇಗವಾಗಿ ಸುತ್ತಿಸಿದಾಗ ನೀರು ಚೆಲ್ಲದೆ ತಳಕ್ಕೆ ಅಂಟಿಕೊಂಡಿರುವಂತೆ, ಜನರ ಪಾದಗಳೂ ನೆಲಕ್ಕೆ ಒತ್ತಿಕೊಂಡಿರುವುವು.

ಎಷ್ಟು ವೇಗವಾಗಿ ತಿರುಗಬೇಕು? ತ್ರಿಜ್ಯವಾದ ೩,೨೦೦ ಮೀಟರನ್ನು ಭೂಗುರುತ್ವದ ವೇಗೋತ್ಕರ್ಷವಾದ ೯.೮ರಿಂದ ಭಾಗಿಸಿ, ಬಂದುದರ ವರ್ಗಮೂಲವನ್ನು ತೆಗೆದು, ಅದನ್ನು ೬.೨೮ರಿಂದ ಗುಣಿಸಿದರೆ ಸುಮಾರು ೧೧೪ ಸೆಕೆಂಡುಗಳು ಬರುತ್ತವೆ. ಎರಡು ನಿಮಿಷಕ್ಕೂ ಕಡಮೆ ಕಾಲದಲ್ಲಿ ಊರೇ ಒಂದು ಸುತ್ತು ತಿರುಗಬೇಕು. ಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕವಿದು.

ಊರುಗಳನ್ನು ಎಲ್ಲಿ ನಿಲ್ಲಿಸಬೇಕು? ಫ್ರೆಂಚ್ ವಿದ್ವಾಂಸ ಲಗ್ರಾಂಜನು ೧೭೭೨ರಲ್ಲಿ ಇದಕ್ಕೆ ಬೇಕಾದ ಗಣಿತವನ್ನು ಕೊಟ್ಟನು. ಭೂಮಿ, ಚಂದ್ರ ಈ ಎರಡರೊಡನೆ ಸಮಭುಜ ತ್ರಿಕೋನವನ್ನು ರಚಿಸುವ ಎರಡು ಬಿಂದುಗಳಲ್ಲಿ ಇಟ್ಟ ವಸ್ತುವು ಅಲ್ಪಸ್ವಲ್ಪ ಅಲುಗಿದರೂ ಅಲ್ಲಿಯೇ ಸುಳಿದಾಡುತ್ತಿರುತ್ತದೆ. ದೊಡ್ಡ ಕಾಯದ ದ್ರವ್ಯರಾಶಿಯು ಚಿಕ್ಕದರ ಸುಮಾರು ೨೫ ಪಟ್ಟಿಗಿಂತ ಹೆಚ್ಚಾಗಿರಬೇಕೆಂಬುದೇ ನಿಯಮ. ಭೂಮಿಯು ಚಂದ್ರನ ೮೧ ಪಟ್ಟು ಇರುವುದರಿಂದ ಇದು ಇಲ್ಲಿ ಸಲ್ಲುತ್ತದೆ. ಕಥೆಯ ವಸಾಹತುಗಳೂ ಲಗ್ರಾಂಜ್ ಬಿಂದುಗಳಲ್ಲಿಯೇ ನೆಲೆಗೊಂಡಿವೆ.

ಆದರೆ ಇಂತಹ ಊರಿನಲ್ಲಿ ಗಾಳಿಯೂ ಯಂತ್ರದಿಂದಲೇ ಬರಬೇಕೆಂಬುದನ್ನು ನೆನೆಯಬೇಕು. ಗಾಳಿ ನೀರುಗಳ ಕೀಲಿ ಯಾರ ಕೈಯಲ್ಲಿದೆಯೋ ಅವರೇ ಒಡೆಯರು. ದೂರದಲ್ಲಿ ಕುಳಿತ ಸರಕಾರದ ಮೇಲೆ ವಲಸಿಗರಿಗೆ ಅಸಮಾಧಾನ ಹುಟ್ಟುವುದು, ಆ ಅಸಮಾಧಾನವನ್ನು ಸರ್ವಾಧಿಕಾರಿಗಳು ತಮ್ಮ ಏಣಿಯಾಗಿ ಬಳಸಿಕೊಳ್ಳುವುದು, ಇವೆರಡನ್ನೂ ಕಥೆ ತೋರಿಸುತ್ತದೆ. ಇಲ್ಲಿ ಭೌತವಿಜ್ಞಾನದಿಂದಲೇ ಸಮಾಜವಿಜ್ಞಾನ ಹುಟ್ಟಿದೆ ಎನ್ನಬಹುದು.

ಜಿಯಾನ್ ಸೈನ್ಯವು ಒಂದು ವಸಾಹತನ್ನೇ ಭೂಮಿಯ ಮೇಲೆ ಬೀಳಿಸುತ್ತದೆ. ಚಂದ್ರನಷ್ಟು ದೂರದಿಂದ ಬಿದ್ದ ವಸ್ತುವು ಭೂಮಿಯನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು ೧೧ ಕಿಲೋಮೀಟರ್ ವೇಗವನ್ನು ಪಡೆದಿರುತ್ತದೆ. ಆ ವೇಗದಲ್ಲಿ ಒಂದು ಕಿಲೋಗ್ರಾಂ ವಸ್ತುವಿನ ಚಲನಶಕ್ತಿಯು ಸುಮಾರು ೧೪ ಕಿಲೋಗ್ರಾಂ ಟಿ.ಎನ್.ಟಿ. ಸಿಡಿಮದ್ದಿನ ಶಕ್ತಿಗೆ ಸಮ. ಮದ್ದಿಲ್ಲದೆಯೇ ಬರಿಯ ತೂಕವೂ ವೇಗವೂ ಬಾಂಬಾಗಬಲ್ಲವೆಂಬುದು ಕಟ್ಟುಕಥೆಯಲ್ಲ.

ಒಂದು ಸುಳ್ಳು, ಅನೇಕ ತೀರ್ಮಾನಗಳು

ಇನ್ನು ಕಥೆಯ ಕೇಂದ್ರದಲ್ಲಿರುವ ಸುಳ್ಳನ್ನು ನೋಡೋಣ. ರೇಡಾರ್ ಇರುವ ಕಾಲದಲ್ಲಿ ಯೋಧರು ಒಬ್ಬರನ್ನೊಬ್ಬರು ಕಣ್ಣಿನಿಂದ ನೋಡಿ ಕಾದಾಡುವುದೇಕೆ? ನೂರಾರು ಕಿಲೋಮೀಟರ್ ದೂರದಿಂದಲೇ ಕ್ಷಿಪಣಿ ಬಿಟ್ಟರೆ ಸಾಲದೇ? ಈ ಆಕ್ಷೇಪಕ್ಕಾಗಿಯೇ ಕಥೆಗಾರರು ‘ಮಿನೋವ್‌ಸ್ಕಿ ಕಣ’ ಎಂಬುದನ್ನು ಕಲ್ಪಿಸಿದರು. ಅದನ್ನು ಸುತ್ತಲೂ ಚೆಲ್ಲಿದರೆ ರೇಡಿಯೋ ಅಲೆಗಳು ಕೆಡುವುವು, ರೇಡಾರು ಕುರುಡಾಗುವುದು, ಕ್ಷಿಪಣಿ ದಾರಿತಪ್ಪುವುದು. ಆದುದರಿಂದ ಸಮೀಪದ ಕಾಳಗ ಮರಳಿ ಬರುತ್ತದೆ. ಸಮೀಪದ ಕಾಳಗಕ್ಕೆ ಕೈಕಾಲುಳ್ಳ ಯಂತ್ರವು ಒದಗುತ್ತದೆ.

ಅಂತಹ ಕಣ ಪ್ರಕೃತಿಯಲ್ಲಿಲ್ಲ. ಆದರೆ ರೇಡಾರನ್ನು ಕುರುಡುಮಾಡುವ ಉಪಾಯ ನಿಜವಾಗಿಯೂ ಇದೆ. ೧೯೪೩ರ ಜುಲೈಯಲ್ಲಿ ಹಾಂಬುರ್ಗ್ ನಗರದ ಮೇಲೆ ದಾಳಿಮಾಡಿದ ಬ್ರಿಟಿಷ್ ವಿಮಾನಗಳು ಅಲ್ಯುಮಿನಿಯಂ ಲೇಪಿಸಿದ ಕಾಗದದ ಪಟ್ಟಿಗಳನ್ನು ರಾಶಿರಾಶಿಯಾಗಿ ಉದುರಿಸಿದುವು. ಜರ್ಮನರ ಫಿರಂಗಿಗಳಿಗೆ ಗುರಿ ತೋರುತ್ತಿದ್ದ ರೇಡಾರಿನ ಅಲೆಯ ಉದ್ದ ಸುಮಾರು ೫೩ ಸೆಂಟಿಮೀಟರ್; ಪಟ್ಟಿಯ ಉದ್ದ ಅದರ ಅರ್ಧದಷ್ಟು, ಎಂದರೆ ಸುಮಾರು ೨೭ ಸೆಂಟಿಮೀಟರ್. ಅಲೆಯ ಅರ್ಧದಷ್ಟು ಉದ್ದದ ಲೋಹವು ಆ ಅಲೆಯನ್ನು ಬಲವಾಗಿ ಮರಳಿಸುವುದರಿಂದ, ತೆರೆಯ ಮೇಲೆ ವಿಮಾನ ಯಾವುದು, ಕಾಗದ ಯಾವುದು ಎಂಬುದೇ ತಿಳಿಯದಾಯಿತು.

ಒಳ್ಳೆಯ ವಿಜ್ಞಾನ ಕಥೆಯ ರಹಸ್ಯ ಇಲ್ಲಿದೆ. ಅದು ಒಂದು ಸುಳ್ಳನ್ನು ಮಾತ್ರ ಹೇಳಿ, ಉಳಿದುದೆಲ್ಲವನ್ನೂ ಅದರಿಂದ ತರ್ಕಬದ್ಧವಾಗಿ ಹೊರಡಿಸುತ್ತದೆ. ರೇಖಾಗಣಿತದ ಸ್ವಯಂಸಿದ್ಧದಂತೆ ಆ ಒಂದನ್ನು ಒಪ್ಪಿದರೆ ಮುಂದಿನ ಪ್ರಮೇಯಗಳು ತಾವಾಗಿಯೇ ನಡೆಯುವುವು.

ಆದರೆ ಎಲ್ಲವೂ ನಡೆಯುವುದಿಲ್ಲ. ಅಂತರಿಕ್ಷದ ಹಿನ್ನೆಲೆಯ ಉಷ್ಣತೆಯು ನಿರಪೇಕ್ಷ ಶೂನ್ಯಕ್ಕಿಂತ ಮೂರು ಡಿಗ್ರಿಯಷ್ಟೂ ಮೇಲಿಲ್ಲ. ಅಂತಹ ಕಡುಚಳಿಯ ಹಿನ್ನೆಲೆಯಲ್ಲಿ ಬೆಚ್ಚಗಿರುವ ಯಂತ್ರವು ಕತ್ತಲೆಯಲ್ಲಿ ಹಚ್ಚಿಟ್ಟ ದೀಪದಂತೆ ಅವಕೆಂಪು ಕಿರಣಗಳಲ್ಲಿ ಎದ್ದುಕಾಣುವುದು. ಇದಕ್ಕೂ ಕಥೆಗಾರರು ತಮ್ಮ ಕಣವನ್ನೇ ಮುಂದೆ ಹಿಡಿಯಬಹುದು. ಆದರೆ ಒಂದೇ ಸುಳ್ಳಿನ ಮೇಲೆ ಹೊರೆ ಹೆಚ್ಚಿದಂತೆಲ್ಲ ಅದರ ಕಾಲು ಕುಸಿಯತೊಡಗುವುದು.

ಯಂತ್ರದ ತೂಕ

ಕಾಲಿನ ಮಾತು ಬಂದುದರಿಂದ ಯಂತ್ರದ ಕಾಲನ್ನೂ ಪರೀಕ್ಷಿಸೋಣ. ಗಂಡಮ್ ಯಂತ್ರದ ಎತ್ತರ ೧೮ ಮೀಟರ್, ಬರಿಯ ತೂಕ ೪೩.೪ ಟನ್ನು ಎಂದು ಕಥೆಯ ವಿವರಗಳು ಹೇಳುತ್ತವೆ. ೧.೮ ಮೀಟರ್ ಎತ್ತರ, ೭೦ ಕಿಲೋಗ್ರಾಂ ತೂಕವುಳ್ಳ ಮನುಷ್ಯನನ್ನು ಎಲ್ಲ ದಿಕ್ಕಿನಲ್ಲಿಯೂ ಹತ್ತು ಪಟ್ಟು ಹಿಗ್ಗಿಸಿದರೆ ಅವನ ಗಾತ್ರ ಸಾವಿರ ಪಟ್ಟಾಗುತ್ತದೆ. ತೂಕ ೭೦ ಟನ್ನು. ಎಂದರೆ ಲೋಹದ ಗಂಡಮ್ ಅದೇ ಗಾತ್ರದ ಮಾಂಸದ ಮನುಷ್ಯನಿಗಿಂತಲೂ ಹಗುರ! ಅದು ನೀರಿನಲ್ಲಿ ತೇಲಬೇಕು. ಇದಲ್ಲದೆ ತೂಕ ಸಾವಿರ ಪಟ್ಟಾದಾಗ ಅಂಗಾಲಿನ ವಿಸ್ತಾರ ನೂರು ಪಟ್ಟು ಮಾತ್ರ ಆಗುವುದರಿಂದ, ಹಿಗ್ಗಿಸಿದ ದೈತ್ಯನು ನೆಲವನ್ನು ನಮಗಿಂತ ಹತ್ತು ಪಟ್ಟು ಬಲವಾಗಿ ಒತ್ತುವನು, ಕೆಸರಿನಲ್ಲಿ ಹೂತುಹೋಗುವನು. ಯುದ್ಧದ ಟ್ಯಾಂಕುಗಳಿಗೆ ಅಗಲವಾದ ಪಟ್ಟಿಗಳನ್ನು ಹಾಕಿರುವುದು ಇದೇ ಕಾರಣದಿಂದ.

ಯೊಕೊಹಾಮ ಬಂದರಿನಲ್ಲಿ ೨೦೨೦ರ ಡಿಸೆಂಬರಿನಿಂದ ೨೦೨೪ರ ಮಾರ್ಚಿಯವರೆಗೆ ಎಂಜಿನಿಯರರು ೧೮ ಮೀಟರಿನ ಚಲಿಸುವ ಗಂಡಮನ್ನು ಕಟ್ಟಿ ಪ್ರದರ್ಶಿಸಿದರು. ಅದರ ತೂಕ ಸುಮಾರು ೨೫ ಟನ್ನು. ಅದು ಕೈಕಾಲುಗಳನ್ನು ಆಡಿಸಿತು. ಆದರೆ ಅದರ ಭಾರವನ್ನು ಸೊಂಟದ ಬಳಿ ಹಿಡಿದಿದ್ದ ಒಂದು ಆಧಾರವೇ ಹೊತ್ತಿತ್ತು. ಕಥೆಯಲ್ಲಿ ನಡೆದದ್ದು ನೆಲದ ಮೇಲೆ ನಿಲ್ಲಲೂ ಆಸರೆ ಬೇಡಿತು. ಈ ಭಾಗದಲ್ಲಿ ಕಥೆ ವಾಸ್ತವವಲ್ಲವೆಂದು ನಾವು ಸಂಕೋಚವಿಲ್ಲದೆ ಹೇಳಬೇಕು.

ಸೈನ್ಯದ ಬೆನ್ನು

ಯಂತ್ರದಲ್ಲಿ ಸೋತ ಕಥೆ ಮನುಷ್ಯರಲ್ಲಿ ಗೆಲ್ಲುತ್ತದೆ. ಸೈನ್ಯದ ಮುಖವನ್ನು ಎಲ್ಲ ಕಥೆಗಳೂ ತೋರಿಸುವುವು. ಅದರ ಬೆನ್ನನ್ನು ತೋರಿಸುವುವು ಕೆಲವೇ. ಇಲ್ಲಿ ಶತ್ರುವು ಭೂಮಿಯಲ್ಲಿ ನೆಲೆನಿಲ್ಲುವುದು ಗಣಿಗಳ ಖನಿಜಕ್ಕಾಗಿ. ಬಿಡಿಭಾಗಗಳನ್ನು ತರುವ ಸರಕು ವಿಮಾನದ ಅಧಿಕಾರಿಣಿ ಮಟಿಲ್ಡಾ ಕಥೆಯ ಪ್ರಮುಖ ಪಾತ್ರಗಳಲ್ಲೊಬ್ಬಳು. ಅವಳು ಕಾಳಗದಲ್ಲಿ ಸಾಯುತ್ತಾಳೆ. ಜಪಾನಿಗೆ ಈ ಪಾಠ ಹೊಸದಲ್ಲ. ೧೯೪೨-೪೩ರಲ್ಲಿ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಗುಂಡಿಗಿಂತ ಹಸಿವಿನಿಂದಲೂ ರೋಗದಿಂದಲೂ ಸತ್ತ ಜಪಾನೀ ಸೈನಿಕರೇ ಹೆಚ್ಚು. ಅದನ್ನು ಅವರು ‘ಹಸಿವಿನ ದ್ವೀಪ’ ಎಂದೇ ಕರೆದರು.

ನೌಕೆಯಲ್ಲಿ ನಿರಾಶ್ರಿತರಿದ್ದಾರೆ, ಮಕ್ಕಳಿದ್ದಾರೆ. ಒಂದು ಕಂತಿನಲ್ಲಿ ತಾಯಿಯೊಬ್ಬಳು ಮಗುವಿನೊಡನೆ ತನ್ನ ಊರನ್ನು ಹುಡುಕಿ ಹೊರಡುತ್ತಾಳೆ. ಅವಳಿಗೆ ಆಹಾರದ ಪೆಟ್ಟಿಗೆಯನ್ನು ಇಳಿಸಿಕೊಡುವವರು ಶತ್ರುಪಕ್ಷದ ಸೈನಿಕರು. ಊರು ಮಾತ್ರ ಉಳಿದಿರುವುದಿಲ್ಲ. ಇನ್ನೊಂದು ಕಂತಿನಲ್ಲಿ ಜಿಯಾನಿನ ರಾಜಕುಮಾರನೊಬ್ಬನ ಶವಸಂಸ್ಕಾರದ ಸಭೆಯಿದೆ. ಅವನು ಸತ್ತದ್ದು ತನ್ನ ಗೆಳೆಯನ ದ್ರೋಹದಿಂದ. ಆದರೆ ಅಣ್ಣನು ವೇದಿಕೆಯ ಮೇಲೆ ನಿಂತು ಆ ಸಾವನ್ನೇ ಯುದ್ಧೋತ್ಸಾಹದ ಇಂಧನವನ್ನಾಗಿ ಮಾಡುತ್ತಾನೆ. ಪ್ರಚಾರವೆಂಬುದು ಹೇಗೆ ಕೆಲಸಮಾಡುತ್ತದೆ ಎಂಬುದಕ್ಕೆ ಇದೊಂದು ಪಾಠ.

ಯಂತ್ರವನ್ನು ನಡೆಸುವ ಅಮುರೊ ರೇ ಹದಿನೈದು ವರ್ಷದ ಹುಡುಗ. ನೌಕೆಯ ನಾಯಕನಿಗೆ ಹತ್ತೊಂಬತ್ತು. ಹಿರಿಯರು ಮೊದಲನೆಯ ದಾಳಿಯಲ್ಲಿಯೇ ಸತ್ತಿರುವುದರಿಂದ ಹೊರೆ ಇವರ ಮೇಲೆ ಬಿದ್ದಿದೆ. ಒಂದು ದಿನ ಅಮುರೊ ಇನ್ನು ಹೋರಾಡಲಾರೆನೆಂದು ಮಲಗಿಬಿಡುತ್ತಾನೆ. ನಾಯಕನು ಕೆನ್ನೆಗೆ ಹೊಡೆಯುತ್ತಾನೆ. ಮುಂದೆ ಬಹುಕಾಲದ ಮೇಲೆ ತಾಯಿಯನ್ನು ಕಂಡಾಗ, ತನ್ನನ್ನು ಹುಡುಕಿಬಂದ ಶತ್ರುಸೈನಿಕನ ಮೇಲೆ ಅವಳ ಕಣ್ಣೆದುರಿಗೇ ಗುಂಡು ಹಾರಿಸುತ್ತಾನೆ. ತಾಯಿ ಮಗನನ್ನು ಗುರುತಿಸಲಾರದವಳಂತೆ ನಿಲ್ಲುತ್ತಾಳೆ. ಅವನು ಅವಳಿಗೆ ಸೈನಿಕನಂತೆ ವಂದನೆ ಮಾಡಿ ನೌಕೆಗೆ ಮರಳುತ್ತಾನೆ.

೧೯೪೫ರಲ್ಲಿ ಓಕಿನಾವಾ ದ್ವೀಪದ ಕಾಳಗಕ್ಕೆ ಹದಿನಾಲ್ಕು, ಹದಿನೈದು ವರ್ಷದ ಶಾಲಾ ಬಾಲಕರನ್ನು ದಂಡಿಗೆ ಸೇರಿಸಲಾಗಿತ್ತು. ಅವರಲ್ಲಿ ಅನೇಕರು ಮನೆಗೆ ಮರಳಲಿಲ್ಲ. ಹದಿನೆಂಟು ತುಂಬದವರನ್ನು ಕಾಳಗಕ್ಕೆ ಇಳಿಸಕೂಡದೆಂಬ ಅಂತರರಾಷ್ಟ್ರೀಯ ಒಪ್ಪಂದವು ವಿಶ್ವಸಂಸ್ಥೆಯಲ್ಲಿ ಅಂಗೀಕೃತವಾದದ್ದು ೨೦೦೦ದಲ್ಲಿ. ಈ ಲೇಖನವನ್ನು ಓದುತ್ತಿರುವ ಹೈಸ್ಕೂಲಿನ ವಿದ್ಯಾರ್ಥಿಯು ಅಮುರೊನ ವಯಸ್ಸಿನವನೇ ಎಂಬುದನ್ನು ನೆನೆದರೆ, ಈ ಲೆಕ್ಕ ಮಾತ್ರ ಕಾಗದದ ಮೇಲಿನದಲ್ಲವೆಂದು ತಿಳಿಯುವುದು.

ಒಂದು ವಿರೋಧಾಭಾಸ

ಮೊದಲ ಪ್ರಸಾರದಲ್ಲಿ ಈ ಚಿತ್ರಮಾಲೆಗೆ ನೋಡುಗರು ಸಾಲಲಿಲ್ಲ. ೫೨ ಕಂತುಗಳ ಯೋಜನೆ ೪೩ಕ್ಕೆ ಮೊಟಕಾಗಿ ೧೯೮೦ರ ಜನವರಿಯಲ್ಲಿ ಮುಗಿಯಿತು. ಅದೇ ವರ್ಷ ಮಾರುಕಟ್ಟೆಗೆ ಬಂದ ಪ್ಲಾಸ್ಟಿಕ್ ಮಾದರಿಗಳೂ, ೧೯೮೧-೮೨ರಲ್ಲಿ ತೆರೆಕಂಡ ಮೂರು ಚಲನಚಿತ್ರಗಳೂ ಅದನ್ನು ಪ್ರಸಿದ್ಧಿಗೆ ತಂದುವು. ಯುದ್ಧದ ದುಃಖವನ್ನು ಹೇಳಹೊರಟ ಕಥೆ ಯುದ್ಧಯಂತ್ರದ ಬೊಂಬೆಗಳನ್ನು ಮಾರುವ ಸಾಧನವೂ ಆಯಿತು. ಇದರಲ್ಲಿ ಯಾರನ್ನೂ ದೂಷಿಸಬೇಕಾಗಿಲ್ಲ; ಆಯುಧದ ಅಂದ ಕಣ್ಣನ್ನು ಬೇಗ ಸೆಳೆಯುತ್ತದೆ, ಅದರ ಬೆಲೆ ನಿಧಾನವಾಗಿ ಅರಿವಾಗುತ್ತದೆ. ಎರಡನ್ನೂ ಒಟ್ಟಿಗೆ ಕಾಣುವುದೇ ವಿದ್ಯಾವಂತನ ಲಕ್ಷಣ.

ಆದುದರಿಂದ ಯಾವುದೇ ವಿಜ್ಞಾನ ಕಥೆಯನ್ನು ನೋಡುವಾಗ ನಾವು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳೋಣ. ಇದರಲ್ಲಿ ಕಲ್ಪಿಸಿಕೊಂಡದ್ದು ಯಾವುದು? ಅದರಿಂದ ತರ್ಕವಾಗಿ ಹೊರಡುವುದು ಯಾವುದು? ಇದರ ಬೆಲೆಯನ್ನು ತೆರುವವರು ಯಾರು? ಮೊದಲೆರಡು ಪ್ರಶ್ನೆಗಳಿಗೆ ಭೌತವಿಜ್ಞಾನದ ಪುಸ್ತಕವು ಉತ್ತರ ಕೊಡುವುದು. ಮೂರನೆಯದಕ್ಕೆ ಉತ್ತರ ಬೇಕಾದರೆ, ಉಗ್ರಾಣದ ಖಾಲಿ ಉಪ್ಪಿನ ಡಬ್ಬಿಯನ್ನೂ ಮಗನ ಬೆನ್ನನ್ನು ನೋಡುತ್ತ ನಿಂತ ತಾಯಿಯನ್ನೂ ಮರೆಯಬಾರದು.

ಅಭ್ಯಾಸ

೧. ೨೫೦ ಮೀಟರ್ ತ್ರಿಜ್ಯದ ವಸಾಹತು ಭೂಗುರುತ್ವವನ್ನು ಪಡೆಯಬೇಕಾದರೆ ಎಷ್ಟು ಸೆಕೆಂಡಿಗೊಮ್ಮೆ ಸುತ್ತಬೇಕು? ಅಷ್ಟು ವೇಗವಾಗಿ ಸುತ್ತುವ ಊರಿನಲ್ಲಿ ವಾಸಿಸುವವರಿಗೆ ಯಾವ ತೊಂದರೆಗಳಾಗಬಹುದು?

೨. ನೀವು ಓದಿದ ಅಥವಾ ನೋಡಿದ ಒಂದು ಯುದ್ಧಕಥೆಯನ್ನು ಆರಿಸಿಕೊಂಡು, ಅದರಲ್ಲಿ ಅಡುಗೆಯವನು, ವೈದ್ಯ, ಸರಕು ಸಾಗಿಸುವವನು ಇವರಿಗೆ ಎಷ್ಟು ಸ್ಥಾನವಿದೆಯೆಂದು ವಿವೇಚಿಸಿರಿ.