ರಚ್ಚಿನ ಧೂಳು, ರಾತ್ರಿಯ ಜ್ವರ

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆ. ನಮ್ಮಣ್ಣ ಆಲೆಮನೆಯಲ್ಲಿ ಒಲೆಗೆ ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ) ಹಾಕುವ ಕೆಲಸ ಮಾಡುತ್ತಾರೆ. ಮಳೆಗೆ ನೆನೆದ ಹಳೇ ರಾಶಿ ಎಳೆದ ದಿನ ರಾತ್ರಿ ಚಳಿಜ್ವರ, ಒಣಕೆಮ್ಮು ಬರುತ್ತೆ, ಒಂದೆರಡು ದಿನಕ್ಕೆ ಹೋಗುತ್ತೆ. ರಚ್ಚಿನ ಬೂಷ್ಟು ಶ್ವಾಸಕೋಶದಲ್ಲಿ ಬೆಳೆಯುತ್ತದೆಯೇ? ಕೊರೋನಾ ಕಾಲದ ಕಪ್ಪು ಶಿಲೀಂಧ್ರ ಇದೇನಾ?

ಉತ್ತರ: ಇದು ಕಪ್ಪು ಶಿಲೀಂಧ್ರದ ಲಕ್ಷಣವಲ್ಲ, ಆ ಭಯ ಬಿಡಿ. 2021ರಲ್ಲಿ ಜನರನ್ನು ಕಾಡಿದ ಆ ರೋಗ ಹೆಚ್ಚಾಗಿ ತಗುಲಿದ್ದು ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಿಗೆ, ಸ್ಟಿರಾಯ್ಡ್ ತೆಗೆದುಕೊಂಡವರಿಗೆ. ಮೂಗು, ಕಣ್ಣಿನ ಸುತ್ತ ಶುರುವಾಗಿ ಮೂಳೆಯನ್ನೂ ತಿನ್ನುತ್ತಿತ್ತು. ಎರಡು ದಿನ ಬಂದು ತಾನಾಗಿ ಹೋಗುವ ಜಾತಿಯದಲ್ಲ. ಹಾಗೆಂದು ನಿಮ್ಮಣ್ಣನ ಜ್ವರವನ್ನು ಕಡೆಗಣಿಸಬೇಡಿ. ನೀವು ಬರೆದಿರುವ ಲಕ್ಷಣಗಳು ಕಬ್ಬಿನ ರಚ್ಚಿನಿಂದಲೇ ಬರುವ ಬ್ಯಾಗಸೋಸಿಸ್ ಎಂಬ ಕಾಯಿಲೆಗೆ ಹತ್ತಿರವಾಗಿವೆ.

ಅದನ್ನು ಗುರುತಿಸಿದ ಕತೆ ತಿಳಿದರೆ ನಿಮ್ಮ ಪ್ರಶ್ನೆಗೂ ಉತ್ತರ ಸಿಗುತ್ತದೆ. ಅಮೆರಿಕದ ಲೂಸಿಯಾನವೂ ಮಂಡ್ಯದಂತೆ ಕಬ್ಬಿನ ಸೀಮೆ. ಅಲ್ಲಿ ಒತ್ತಿ ಕಟ್ಟಿಟ್ಟ ಹಳೇ ರಚ್ಚಿನ ಪೆಂಡಿಗಳನ್ನು ಬಿಚ್ಚುವ ಕೂಲಿಗಳಿಗೆ ಉಸಿರು ಕಟ್ಟುವುದನ್ನು ಜೇಮಿಸನ್ ಮತ್ತು ಹಾಪ್ಕಿನ್ಸ್ ಎಂಬ ವೈದ್ಯರು 1941ರಲ್ಲಿ ವರದಿ ಮಾಡಿದರು. ಅವರೂ ನಿಮ್ಮ ಹಾಗೆಯೇ ಇದು ಬೂಷ್ಟಿನ ಕಾಯಿಲೆ ಎಂದುಕೊಂಡರು. ನಮ್ಮ ದೇಶದಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ಡಾ. ಆರ್. ವಿಶ್ವನಾಥನ್ ಮತ್ತು ಸಂಗಡಿಗರು 1963ರಲ್ಲಿ ಇದರ ಬಗ್ಗೆ ಬರೆದರು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜ್ಯಾಕ್ ಪೆಪಿಸ್ ಎಂಬ ವೈದ್ಯವಿಜ್ಞಾನಿ, ಮುಗ್ಗಿದ ಹುಲ್ಲು ಕೆದಕಿ ಜ್ವರ ಬಂದ ರೈತರ ರಕ್ತವನ್ನು ಪರೀಕ್ಷಿಸುತ್ತಿದ್ದರು. ಆ ಹುಲ್ಲಿನ ಸೂಕ್ಷ್ಮಜೀವಿಗಳ ವಿರುದ್ಧ ರಕ್ತದಲ್ಲಿ ಪ್ರತಿಕಾಯಗಳು ಎದ್ದಿದ್ದವು. ರಚ್ಚಿನ ಕಾಯಿಲೆಯೂ ಇದೇ ಬಗೆಯದು. ಕೊನೆಗೆ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಜಾನ್ ಲೇಸಿ 1971ರಲ್ಲಿ ರಚ್ಚಿನೊಳಗಿನ ಜೀವಿಯನ್ನು ಹಿಡಿದು ಥರ್ಮೋಆಕ್ಟಿನೋಮೈಸಿಸ್ ಸಕ್ಕಾರೈ ಎಂದು ಹೆಸರಿಟ್ಟರು. ಅದು ಬೂಷ್ಟಿನಂತೆ ಎಳೆಎಳೆಯಾಗಿ ಹಬ್ಬಿದರೂ ಬೂಷ್ಟಲ್ಲ, ಬ್ಯಾಕ್ಟೀರಿಯಾ. ಮೊದಲ ವರದಿಯಿಂದ ಇಲ್ಲಿಗೆ ಬರಲು ಮೂವತ್ತು ವರ್ಷ ಹಿಡಿಯಿತು.

ಗಾಣದಿಂದ ಆಗತಾನೆ ಬಿದ್ದ ರಚ್ಚಿನಿಂದ ಈ ಕಾಯಿಲೆ ಬರುವುದಿಲ್ಲ. ಅದರಲ್ಲಿ ಇನ್ನೂ ಒಂದಿಷ್ಟು ಸಕ್ಕರೆ, ಬೇಕಾದಷ್ಟು ತೇವ ಇರುತ್ತದೆ. ಒಣಗಿಸದೆ ರಾಶಿ ಹಾಕಿ ಟಾರ್ಪಾಲು ಹೊದಿಸಿದರೆ ಒಳಗೊಳಗೇ ಹುಳಿತು ಕಾವೇರುತ್ತದೆ. 50 ಡಿಗ್ರಿ ದಾಟಿದ ಆ ಕಾವೇ ಈ ಜೀವಿಗೆ ಹಿತ. ರಾಶಿಯ ನಡುವಿಂದ ಒಂದು ತೆಕ್ಕೆ ಎಳೆದಾಗ ಹಬೆಯೇಳುತ್ತದೆ, ಮುಗ್ಗಲು ವಾಸನೆ ಬರುತ್ತದೆ, ಬೂದಿಬಣ್ಣದ ಪುಡಿ ಮುಖಕ್ಕೆ ರಾಚುತ್ತದೆ. ಆ ಪುಡಿಯಲ್ಲಿರುವ ಬೀಜಕಣ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೂಗು ಗಂಟಲಲ್ಲಿ ತಡೆಯದೆ ಶ್ವಾಸಕೋಶದ ತುತ್ತತುದಿಯ ಗಾಳಿಗೂಡಿಗೇ ಇಳಿಯುತ್ತದೆ. ಅಲ್ಲಿ ಅದು ಬೆಳೆಯುವುದಿಲ್ಲ. ದೇಹ ಅದರ ಮೇಲೆ ಎರಗುವ ರಭಸಕ್ಕೆ ಗಾಳಿಗೂಡುಗಳು ಊದಿಕೊಳ್ಳುತ್ತವೆ. ಇಲ್ಲಿ ಸೋಂಕಿಲ್ಲದ ಕಾರಣ ಶಿಲೀಂಧ್ರದ ಮಾತ್ರೆ, ಆ್ಯಂಟಿಬಯೋಟಿಕ್ ಎರಡೂ ಕೆಲಸಕ್ಕೆ ಬಾರವು. ಇದು ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ.

ಈ ಕಾಯಿಲೆಯ ಮೋಸ ಇರುವುದು ಗಳಿಗೆಯಲ್ಲಿ. ಧೂಳು ಕುಡಿದ ಕೂಡಲೇ ಏನೂ ಆಗುವುದಿಲ್ಲ. ನಾಲ್ಕರಿಂದ ಎಂಟು ಗಂಟೆ ಕಳೆದು, ಮನೆಗೆ ಬಂದು ಮಲಗುವ ಹೊತ್ತಿಗೆ ಜ್ವರ ಏರುತ್ತದೆ. ಹಗಲಿನ ರಚ್ಚಿಗೂ ರಾತ್ರಿಯ ಚಳಿಗೂ ಯಾರು ಗಂಟು ಹಾಕುತ್ತಾರೆ? ನೀವು ಹಾಕಿದಿರಿ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದೇ. ವೈದ್ಯರಿಗೂ ಇದನ್ನೇ ಮೊದಲು ಹೇಳಿ. "ಜ್ವರ, ಕೆಮ್ಮು" ಎಂದಷ್ಟೇ ಹೇಳಿದರೆ ಫ್ಲೂ ಎಂದೋ ನ್ಯುಮೋನಿಯಾ ಎಂದೋ ಮಾತ್ರೆ ಕೊಡುತ್ತಾರೆ, ಜ್ವರ ಹೇಗೂ ಇಳಿಯುತ್ತದೆ, ಮಾತ್ರೆಗೆ ಹೆಸರು ಬರುತ್ತದೆ. ಅಣ್ಣ ಮತ್ತೆ ಅದೇ ರಾಶಿಯ ಮುಂದೆ ನಿಲ್ಲುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದರೆ ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟಿ ಗಡುಸಾಗುತ್ತದೆ. ಆಮೇಲೆ ಅದು ಮೊದಲಿನಂತಾಗದು.

ತಡಮಾಡದೆ ಮದ್ದೂರಿನಲ್ಲೋ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೋ ಎದೆರೋಗದ ವೈದ್ಯರಿಗೆ ತೋರಿಸಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಮೊದಲು ಕಫ ಪರೀಕ್ಷೆ ಆಗಬೇಕು, ಕ್ಷಯ ಇಲ್ಲವೆಂದು ಖಾತ್ರಿಯಾಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಬ್ಯಾಗಸೋಸಿಸ್‌ನಲ್ಲಿ ಎಕ್ಸ್‌ರೇ ಕೆಲವೊಮ್ಮೆ ಚೆನ್ನಾಗಿಯೇ ಕಾಣುತ್ತದೆ, ಆಗ ಸಿ.ಟಿ. ಸ್ಕ್ಯಾನ್ ಮತ್ತು ಊದುವ ಪರೀಕ್ಷೆ ಬೇಕಾಗುತ್ತದೆ. ಉಸಿರಾಟ ತೀರಾ ಕಷ್ಟವಾದವರಿಗೆ ವೈದ್ಯರು ಕೆಲಕಾಲ ಸ್ಟಿರಾಯ್ಡ್ ಕೊಡುವುದುಂಟು. ಅದನ್ನು ಅಂಗಡಿಯಿಂದ ನೀವೇ ತಂದು ನುಂಗಿಸಬೇಡಿ.

ಕೆಲಸ ಬಿಡಿಸಿ ಎಂದು ಹೇಳುವುದು ಸುಲಭ, ಸಂಸಾರ ನಡೆಯಬೇಕಲ್ಲ. ಆಲೆಮನೆಯವರೊಂದಿಗೆ ಮಾತಾಡಿ ಕೆಲಸ ಬದಲಿಸಿಕೊಳ್ಳಲಿ: ಗಾಣಕ್ಕೆ ಕಬ್ಬು ಕೊಡುವುದೋ, ಅಚ್ಚಿಗೆ ಪಾಕ ಹುಯ್ಯುವುದೋ ಆಗಬಹುದು. ರಚ್ಚನ್ನು ಬಿಸಿಲಿಗೆ ಹರಡಿ ಗರಿಗರಿ ಒಣಗಿಸಿಯೇ ರಾಶಿ ಹಾಕಬೇಕು, ಮಳೆನೀರು ಬೀಳದ ಸೂರಿನಡಿ ಇಡಬೇಕು. ಮುಗ್ಗಿದ್ದನ್ನು ಒಲೆಗೆ ಎಳೆಯುವುದಕ್ಕಿಂತ ಗೊಬ್ಬರದ ಗುಂಡಿಗೆ ಬಿಡುವುದು ಲೇಸು. ಅದನ್ನು ಸಾಗಿಸುವುದಕ್ಕೂ ನಿಮ್ಮಣ್ಣ ಹೋಗಬಾರದು. ಹೋಗುವವರು ಎನ್-95 ಮಾಸ್ಕ್ ಕಟ್ಟಲಿ, ಒಂದು ಮೈಕ್ರಾನಿನ ಕಣವನ್ನು ಟವೆಲ್ ತಡೆಯದು.